ಎದುರಿಗೊಬ್ಬ ಆಟಗಾರ ಬೇಕು: ‘ಸ್ಟ್ರೀಟ್ ಫೈಟರ್ 2’ ಆಟವನ್ನು ಮತ್ತೆ ನೋಡಿದಾಗ



ಸಂಜೆ ತರಗತಿ ಮುಗಿಸಿ ಬಿ.ಸಿ.ರೋಡಿನಲ್ಲೋ ಬೆಳ್ತಂಗಡಿಯಲ್ಲೋ ಮೂಡುಬಿದಿರೆಯಲ್ಲೋ ಬಸ್ಸಿಗಾಗಿ ಕಾಯುತ್ತಿರುವಾಗ ಒಮ್ಮೆ ಸುತ್ತ ನೋಡಿ. ಕಾಯುತ್ತಿರುವವರಲ್ಲಿ ಕೆಲವರಾದರೂ ಫೋನಿನಲ್ಲಿ ಆಟವಾಡುತ್ತಿರುತ್ತಾರೆ. ಪಕ್ಕಪಕ್ಕದಲ್ಲೇ ಕುಳಿತ ಇಬ್ಬರು ಗೆಳೆಯರು ಬೇರೆ ಬೇರೆ ಆಟದಲ್ಲಿ ಮುಳುಗಿರುವುದೂ ಉಂಟು. ಒಬ್ಬನ ಗೆಲುವು ಇನ್ನೊಬ್ಬನಿಗೆ ತಿಳಿಯುವುದಿಲ್ಲ. ಸೋತರೆ ಯಾಕೆ ಸೋತೆ ಎಂದು ಕೇಳುವವರೂ ಇಲ್ಲ.

ಮೂವತ್ತು ವರ್ಷಗಳಿಗೂ ಹಿಂದೆ, 1991ರಲ್ಲಿ, ಇದಕ್ಕೆ ತದ್ವಿರುದ್ಧವಾದ ಒಂದು ಆಟ ಜಪಾನಿನಿಂದ ಹೊರಟು ಜಗತ್ತನ್ನೆಲ್ಲ ಸುತ್ತಿತು. ಅದರ ಹೆಸರು ‘ಸ್ಟ್ರೀಟ್ ಫೈಟರ್ 2’. ಕ್ಯಾಪ್‌ಕಾಮ್ ಎಂಬ ಕಂಪೆನಿ ಅದನ್ನು ತಯಾರಿಸಿತು. ನಾಣ್ಯ ಹಾಕಿ ಆಡುವ, ಆಳೆತ್ತರದ ಪೆಟ್ಟಿಗೆಯಂತಿರುವ ಯಂತ್ರದಲ್ಲಿ ಇಬ್ಬರು ಹೆಗಲಿಗೆ ಹೆಗಲು ತಾಗಿಸಿ ನಿಂತು ಆಡಬೇಕಿತ್ತು. ಹೆಸರು ಕೇಳಿದರೆ ಬೀದಿ ಜಗಳದ ಆಟ. ಇದರಿಂದ ಕಲಿಯಲು ಏನಿದೆ ಎಂದು ಹಿರಿಯರು ಕೇಳಿದರೆ ತಪ್ಪಲ್ಲ. ಆ ಪ್ರಶ್ನೆಗೆ ಉತ್ತರ ಹುಡುಕುವುದೇ ಈ ಲೇಖನದ ಉದ್ದೇಶ. ಇದರ ತಿರುಳು ಹೊಡೆತದಲ್ಲಿಲ್ಲ, ಎದುರಿಗೆ ನಿಂತ ಇನ್ನೊಬ್ಬ ಮನುಷ್ಯನಲ್ಲಿದೆ ಎಂಬುದನ್ನು ಹಂತಹಂತವಾಗಿ ನೋಡೋಣ.

ಎರಡನೆಯದಕ್ಕೆ ಮೊದಲು ಒಂದನೆಯದು

ಹೆಸರಿನಲ್ಲೇ ಇರುವಂತೆ ಇದು ಮುಂದುವರಿದ ಭಾಗ. ಮೊದಲ ‘ಸ್ಟ್ರೀಟ್ ಫೈಟರ್’ ಬಂದದ್ದು 1987ರಲ್ಲಿ. ಅದರಲ್ಲಿ ಆಟಗಾರನಿಗೆ ಪಾತ್ರ ಆರಿಸುವ ಅವಕಾಶವೇ ಇರಲಿಲ್ಲ. ಮೊದಲನೆಯವನು ರ್ಯೂ, ಎರಡನೆಯವನು ಕೆನ್. ಇಬ್ಬರ ವರಸೆಗಳೂ ಒಂದೇ. ಆಟದ ಒಂದು ಮಾದರಿ ಯಂತ್ರದಲ್ಲಿ ಗುಂಡಿಯನ್ನು ಎಷ್ಟು ಜೋರಾಗಿ ಗುದ್ದಿದರೆ ಹೊಡೆತ ಅಷ್ಟು ಜೋರಾಗುವ ಏರ್ಪಾಡೂ ಇತ್ತು. ಅಂದರೆ ತೋಳ್ಬಲವಿದ್ದವನಿಗೆ ಲಾಭ.

ನಾಲ್ಕು ವರ್ಷಗಳ ಬಳಿಕ ಬಂದ ಎರಡನೆಯ ಆಟವನ್ನು ರೂಪಿಸಿದವರಲ್ಲಿ ಅಕಿರಾ ನಿಶಿತಾನಿ ಮತ್ತು ಅಕಿರಾ ಯಾಸುದಾ ಮುಖ್ಯರು. ಯೋಶಿಕಿ ಒಕಮೊಟೊ ನಿರ್ಮಾಪಕರು. ಸಂಗೀತದ ಬಹುಭಾಗ ಯೋಕೊ ಶಿಮೊಮುರಾ ಎಂಬ ಯುವತಿಯದು. ಇವರು ಮಾಡಿದ ಮುಖ್ಯ ಬದಲಾವಣೆಗಳು ಎರಡು. ಒಂದು, ಎಂಟು ಪಾತ್ರಗಳನ್ನು ಆಯ್ಕೆಗೆ ಇಟ್ಟರು. ಇನ್ನೊಂದು, ಗುಂಡಿಯ ಬಲಾಬಲವನ್ನು ಬಿಟ್ಟು ಆರು ಗುಂಡಿಗಳ ಏರ್ಪಾಡನ್ನೇ ಉಳಿಸಿಕೊಂಡರು. ಮೂರು ಗುದ್ದಿಗೆ, ಮೂರು ಒದೆತಕ್ಕೆ. ಪ್ರತಿಯೊಂದರಲ್ಲೂ ಲಘು, ಮಧ್ಯಮ, ಭಾರಿ ಎಂಬ ಮೂರು ಬಗೆ. ಲಘು ಹೊಡೆತ ಬೇಗ ತಲಪುತ್ತದೆ, ಹಾನಿ ಕಡಿಮೆ. ಭಾರಿ ಹೊಡೆತದ ಹಾನಿ ಹೆಚ್ಚು. ಆದರೆ ಗುರಿ ತಪ್ಪಿದರೆ ಕೈ ಹಿಂದಕ್ಕೆ ಬರುವವರೆಗೆ ಹೊಡೆದವನು ಎದುರಾಳಿಗೆ ತೆರೆದುಕೊಂಡಿರುತ್ತಾನೆ. ಹೀಗೆ ತೋಳ್ಬಲದ ಜಾಗಕ್ಕೆ ತೀರ್ಮಾನ ಬಂದಿತು.

ವೇಷ ಕಂಡರೆ ಪಾತ್ರ ತಿಳಿಯಬೇಕು

ನಮ್ಮ ಊರಿನ ತೆಂಕುತಿಟ್ಟು ಯಕ್ಷಗಾನವನ್ನು ನೀವು ನೋಡಿರುತ್ತೀರಿ. ಬಣ್ಣದ ವೇಷ, ಕಿರೀಟ ವೇಷ, ಪುಂಡು ವೇಷ, ಸ್ತ್ರೀ ವೇಷ ಇವು ರಂಗಕ್ಕೆ ಬರುತ್ತಿದ್ದಂತೆಯೇ, ಒಂದು ಮಾತೂ ಆಡುವ ಮೊದಲೇ, ಬಂದವನು ರಕ್ಕಸನೋ ರಾಜನೋ ಎಳೆಯ ವೀರನೋ ಎಂಬುದು ಹಿಂದಿನ ಸಾಲಿನವರಿಗೂ ತಿಳಿಯುತ್ತದೆ. ಕಿರೀಟದ ಆಕಾರ, ನಿಲುವು, ಹೆಜ್ಜೆ ಎಲ್ಲವೂ ಸೇರಿ ಪಾತ್ರದ ಪರಿಚಯ ಮಾಡಿಕೊಡುತ್ತವೆ. ಪುಂಡು ವೇಷದಿಂದ ನೀವು ದಿಗಿಣ ನಿರೀಕ್ಷಿಸುತ್ತೀರಿ, ಬಣ್ಣದ ವೇಷದಿಂದ ಅಬ್ಬರ.

ಈ ಆಟದ ಚಿತ್ರಕಾರರ ಕೆಲಸವೂ ಇದೇ ಬಗೆಯದು. ತೆರೆಯ ಮೇಲಿನ ಚಿತ್ರ ಅಡ್ಡಕ್ಕೆ 384, ನೆಟ್ಟಗೆ 224 ಚುಕ್ಕೆಗಳದ್ದು ಮಾತ್ರ. ಇಂದಿನ ಸಾಧಾರಣ ಫೋನಿನ ತೆರೆಗೆ ಹೋಲಿಸಿದರೆ ತೀರಾ ಕಡಿಮೆ. ಅಷ್ಟರೊಳಗೆ ಯಾರು ಯಾರೆಂದು ಕ್ಷಣಾರ್ಧದಲ್ಲಿ ಗುರುತು ಹತ್ತಬೇಕು. ಅದಕ್ಕೆಂದೇ ಹೊಂಡಾ ಬೆಟ್ಟದಂಥ ಸುಮೋ ಮಲ್ಲ, ಜಾಂಗೀಫ್ ಕುಸ್ತಿಯ ದೈತ್ಯ, ಚುನ್‌ಲೀ ಚುರುಕಿನ ಹೆಣ್ಣುಮಗಳು, ಗೈಲ್ ನಿಂತಲ್ಲೇ ಕಾಯುವ ಸೈನಿಕ. ಮೈಕಟ್ಟು ನೋಡಿದರೆ ಯುದ್ಧದ ರೀತಿಯೂ ತಿಳಿಯುತ್ತದೆ. ಜಾಂಗೀಫ್‌ನಿಗೆ ದೂರದಿಂದ ಎಸೆಯುವ ಅಸ್ತ್ರವಿಲ್ಲ, ಆದರೆ ಹತ್ತಿರ ಬಂದರೆ ಅವನ ಹಿಡಿತ ಭಯಂಕರ. ಆದುದರಿಂದ ಅವನನ್ನು ಆರಿಸಿದವನ ಸಮಸ್ಯೆ ಒಂದೇ: ಹತ್ತಿರ ಹೋಗುವುದು ಹೇಗೆ? ಎದುರಾಳಿಯ ಸಮಸ್ಯೆಯೂ ಒಂದೇ: ಅವನನ್ನು ದೂರ ಇಡುವುದು ಹೇಗೆ?

ಕಾಣದ ಆಯತಗಳು

ಏಟು ತಾಗಿತೋ ಇಲ್ಲವೋ ಎಂಬುದನ್ನು ಯಂತ್ರ ಹೇಗೆ ತಿಳಿಯುತ್ತದೆ? ಅದಕ್ಕೆ ಕೈಯೂ ಗೊತ್ತಿಲ್ಲ, ಕಾಲೂ ಗೊತ್ತಿಲ್ಲ. ಪ್ರತಿಯೊಂದು ಭಂಗಿಯ ಚಿತ್ರದ ಜತೆಗೆ ಕಣ್ಣಿಗೆ ಕಾಣದ ಕೆಲವು ಆಯತಗಳನ್ನು ಇಟ್ಟಿರುತ್ತಾರೆ. ಕೆಲವು ಏಟು ಕೊಡುವ ಆಯತಗಳು, ಕೆಲವು ಏಟು ತಿನ್ನುವ ಆಯತಗಳು. ನನ್ನ ಕೊಡುವ ಆಯತ ನಿಮ್ಮ ತಿನ್ನುವ ಆಯತದ ಮೇಲೆ ಸ್ವಲ್ಪವಾದರೂ ಬಿದ್ದರೆ ಏಟು ತಾಗಿತು.

ಎರಡು ಆಯತಗಳು ಒಂದರ ಮೇಲೊಂದು ಬಿದ್ದಿವೆಯೇ ಎಂದು ಪರೀಕ್ಷಿಸಲು ನಾಲ್ಕು ಹೋಲಿಕೆಗಳು ಸಾಕು. ಮೊದಲನೆಯದು ಪೂರ್ತಿ ಎರಡನೆಯದರ ಎಡಕ್ಕಿದೆಯೇ, ಬಲಕ್ಕಿದೆಯೇ, ಮೇಲಿದೆಯೇ, ಕೆಳಗಿದೆಯೇ? ನಾಲ್ಕಕ್ಕೂ ಉತ್ತರ ‘ಇಲ್ಲ’ ಎಂದಾದರೆ ಅವು ಒಂದರ ಮೇಲೊಂದು ಬಿದ್ದಿವೆ. ಗ್ರಾಫ್ ಹಾಳೆಯಲ್ಲಿ ಎರಡು ಆಯತ ಬರೆದು ನೀವೇ ಇದನ್ನು ಪರೀಕ್ಷಿಸಬಹುದು. ಆ ಯಂತ್ರದ ಮುಖ್ಯ ಪ್ರೊಸೆಸರ್ ಮೋಟೊರೋಲಾ 68000, ಅದರ ವೇಗ 10 ಮೆಗಾಹರ್ಟ್ಸ್. ಇಂಥ ಸರಳ ಲೆಕ್ಕವಾದ್ದರಿಂದಲೇ ಅದು ತಡವರಿಸದೆ ಓಡಿತು.

ಇದರಲ್ಲೊಂದು ಸೊಗಸಾದ ನ್ಯಾಯವೂ ಅಡಗಿದೆ. ಧಾಲ್ಸಿಮ್ ಎಂಬ ಪಾತ್ರ ತನ್ನ ಕೈಯನ್ನು ತೆರೆಯ ಅರ್ಧದವರೆಗೂ ಚಾಚಬಲ್ಲದು. ಆದರೆ ಕೈ ಚಾಚಿದಾಗ ಏಟು ತಿನ್ನುವ ಆಯತವೂ ಅದರ ಜತೆಗೆ ಚಾಚುತ್ತದೆ. ದೂರದಿಂದ ಹೊಡೆಯುವ ಅನುಕೂಲಕ್ಕೆ ಬೆಲೆ ತೆರಲೇಬೇಕು. ಒಳ್ಳೆಯ ನಿಯಮಾವಳಿಯ ಲಕ್ಷಣವೇ ಇದು: ಯಾವ ಶಕ್ತಿಯೂ ಪುಕ್ಕಟೆಯಲ್ಲ.

ಸೆಕೆಂಡಿನ ಅರವತ್ತನೆಯ ಒಂದು ಪಾಲು

ತೆರೆಯ ಮೇಲಿನ ಚಿತ್ರ ಸೆಕೆಂಡಿಗೆ ಸುಮಾರು 60 ಬಾರಿ ಬದಲಾಗುತ್ತದೆ. ಆಟಗಾರರು ಕಾಲವನ್ನು ಅಳೆಯುವುದೂ ಈ 1/60 ಸೆಕೆಂಡಿನ ಅಳತೆಯಲ್ಲೇ. ಅಷ್ಟು ಸಣ್ಣ ಕಾಲದಲ್ಲಿ ಏನಾದೀತು ಎನ್ನುತ್ತೀರಾ? ಮೂಡುಬಿದಿರೆಯ ಕಡಲಕೆರೆಯ ಬಳಿ ನಡೆಯುವ ಕೋಟಿ-ಚೆನ್ನಯ ಜೋಡುಕರೆ ಕಂಬಳವನ್ನು ನೆನೆಯಿರಿ. ಸೆಕೆಂಡಿಗೆ 10 ಮೀಟರ್ ವೇಗದಲ್ಲಿ ಓಡುವ ಕೋಣಗಳ ಜೋಡಿ 1/60 ಸೆಕೆಂಡಿನಲ್ಲಿ ಸುಮಾರು 17 ಸೆಂಟಿಮೀಟರ್ ಮುಂದೆ ಹೋಗಿರುತ್ತದೆ. ಎರಡು ಕರೆಗಳಲ್ಲಿ ಎರಡು ಜೋಡಿ ಸಮಸಮವಾಗಿ ಬಂದಾಗ ಒಂದು ಗೇಣಿಗಿಂತಲೂ ಕಡಿಮೆಯಾದ ಈ ಅಂತರವೇ ಸೋಲು-ಗೆಲುವನ್ನು ತೀರ್ಮಾನಿಸಬಹುದು.

ಕಣ್ಣಿಗೆ ಕಂಡದ್ದಕ್ಕೆ ಕೈ ಸ್ಪಂದಿಸಲು ಮನುಷ್ಯನಿಗೆ ಸಾಮಾನ್ಯವಾಗಿ ಸೆಕೆಂಡಿನ ಐದನೆಯ ಅಥವಾ ನಾಲ್ಕನೆಯ ಒಂದು ಪಾಲು ಬೇಕು. ಅಂದರೆ 12ರಿಂದ 15 ಚಿತ್ರಗಳಷ್ಟು ಸಮಯ. ಲಘು ಗುದ್ದು ಇದಕ್ಕಿಂತ ಬಹಳ ಬೇಗ ಬಂದು ತಾಗುತ್ತದೆ. ಹಾಗಾದರೆ ಅದನ್ನು ನೋಡಿ ತಡೆಯುವುದು ಸಾಧ್ಯವೇ ಇಲ್ಲ. ಇಲ್ಲಿಯೇ ಆಟದ ಸ್ವರೂಪ ಬದಲಾಗುತ್ತದೆ. ಕಣ್ಣಿನಿಂದ ಆಗದ್ದನ್ನು ಊಹೆಯಿಂದ ಮಾಡಬೇಕಾಗುತ್ತದೆ. ಎದುರಾಳಿ ಮುಂದೆ ಏನು ಮಾಡಬಹುದು ಎಂದು ಮೊದಲೇ ಲೆಕ್ಕ ಹಾಕಬೇಕು. ಹಾಗೆ ಲೆಕ್ಕ ಹಾಕಲು ಅವನ ಸ್ವಭಾವ ಗೊತ್ತಿರಬೇಕು.

ಹೊಡೆತ, ತಡೆ, ಹಿಡಿತ

ಆಟಿ ತಿಂಗಳ ಮಳೆಯಲ್ಲಿ ನಮ್ಮ ಮನೆಗಳಲ್ಲಿ ಆಡುತ್ತಿದ್ದ ಚೆನ್ನೆಮಣೆ ನಿಮಗೆ ಗೊತ್ತು. ಹದಿನಾಲ್ಕು ಗುಳಿ, ಕಾಯಿಗಳು ಎಲ್ಲರ ಕಣ್ಣೆದುರಿಗೆ. ಒಬ್ಬರಾದ ಮೇಲೊಬ್ಬರು ಆಡುತ್ತಾರೆ. ಲೆಕ್ಕ ಸರಿಯಿದ್ದರೆ ಮುಂದಿನದು ಕಾಣುತ್ತದೆ. ‘ಸ್ಟ್ರೀಟ್ ಫೈಟರ್ 2’ ಹಾಗಲ್ಲ. ಇಲ್ಲಿ ಇಬ್ಬರೂ ಒಟ್ಟಿಗೇ ತೀರ್ಮಾನಿಸಬೇಕು. ಆದುದರಿಂದ ಇದು ಮಕ್ಕಳ ‘ಕಲ್ಲು-ಕಾಗದ-ಕತ್ತರಿ’ ಆಟಕ್ಕೆ ಹತ್ತಿರ.

ಎದುರಾಳಿಯಿಂದ ಹಿಂದಕ್ಕೆ ಹಿಡಿಕೆಯನ್ನು ಎಳೆದರೆ ಅದು ತಡೆ. ತಡೆ ಹೊಡೆತವನ್ನು ಗೆಲ್ಲುತ್ತದೆ. ಹತ್ತಿರ ಬಂದು ಹಿಡಿದೆಸೆಯುವುದನ್ನು ತಡೆಯಲಾಗದು. ಆದ್ದರಿಂದ ಹಿಡಿತ ತಡೆಯನ್ನು ಗೆಲ್ಲುತ್ತದೆ. ಆದರೆ ಹಿಡಿಯಬೇಕಾದರೆ ಹತ್ತಿರ ಬರಬೇಕು, ಬರುವ ದಾರಿಯಲ್ಲಿ ಒಂದು ಏಟು ಬಿದ್ದರೆ ಯತ್ನ ಕೆಟ್ಟಿತು. ಹೀಗೆ ಹೊಡೆತ ಹಿಡಿತವನ್ನು ಗೆಲ್ಲುತ್ತದೆ. ಮೂರರಲ್ಲಿ ಯಾವುದೂ ಎಲ್ಲಕ್ಕಿಂತ ಮಿಗಿಲಲ್ಲ.

ದೂರದ ಯುದ್ಧದಲ್ಲೂ ಇದೇ ತರ್ಕ. ಹಿಡಿಕೆಯನ್ನು ಕೆಳಗಿನಿಂದ ಮುಂದಕ್ಕೆ ಕಾಲು ವೃತ್ತದಂತೆ ತಿರುಗಿಸಿ ಗುದ್ದಿನ ಗುಂಡಿ ಒತ್ತಿದರೆ ರ್ಯೂ ‘ಹಡೋಕೆನ್’ ಎಂದು ಕೂಗಿ ಬೆಳಕಿನ ಉಂಡೆಯನ್ನು ಎಸೆಯುತ್ತಾನೆ. ಎದುರಾಳಿ ಅದನ್ನು ತಡೆಯುತ್ತ ನಿಂತರೆ ಪ್ರತಿ ಬಾರಿಯೂ ಚೂರು ಹಾನಿ. ಬೇಸತ್ತು ಮೇಲೆ ನೆಗೆದರೆ, ನೆಗೆದ ಮೇಲೆ ದಾರಿ ಬದಲಿಸಲಾಗದು. ಕೆಳಗೆ ಕಾದಿರುವ ರ್ಯೂ ಮೇಲ್ಮುಖ ಗುದ್ದಿನಿಂದ ಅವನನ್ನು ಉರುಳಿಸುತ್ತಾನೆ. ಇಲ್ಲಿ ಉಂಡೆ ಎಸೆದದ್ದು ಹೊಡೆಯಲಿಕ್ಕಲ್ಲ, ನೆಗೆಯುವಂತೆ ಮಾಡಲಿಕ್ಕೆ. ಎರಡು ಬಾರಿ ಹೀಗೆ ಬಿದ್ದವನು ಮೂರನೆಯ ಸಲ ನೆಗೆಯದೆ ಕಾಯುತ್ತಾನೆ. ಅವನು ಕಾಯುತ್ತಾನೆಂದು ತಿಳಿದವನು ನಡೆದುಬಂದು ಹಿಡಿಯುತ್ತಾನೆ. ಕೈಗಳ ಕಾಳಗ ಹೀಗೆ ಮನಸ್ಸುಗಳ ಸಂವಾದವಾಗುತ್ತದೆ.

ಅಳಿಸದೆ ಉಳಿಸಿದ ದೋಷ

ಒಂದು ಏಟು ತಾಗಿದ ಬಳಿಕ ಎದುರಾಳಿ ಚೇತರಿಸಿಕೊಳ್ಳುವ ಮೊದಲೇ ಇನ್ನೊಂದು, ಮತ್ತೊಂದು ಏಟು ಸೇರಿಸುವುದಕ್ಕೆ ‘ಕಾಂಬೋ’ ಎನ್ನುತ್ತಾರೆ. ಇಂದು ಹೊಡೆದಾಟದ ಆಟಗಳಲ್ಲಿ ಇದಿಲ್ಲದ ಆಟ ಅಪರೂಪ. ಆದರೆ ಇದು ಯಾರೂ ಮೊದಲೇ ಯೋಜಿಸಿದ್ದಲ್ಲ. ಆಟದ ನಡುವೆ ಕಾರನ್ನು ಪುಡಿಮಾಡುವ ಒಂದು ಬೋನಸ್ ಹಂತವಿದೆ. ಆಟದ ದೋಷಗಳನ್ನು ಪರೀಕ್ಷಿಸುತ್ತಿದ್ದಾಗ ಆ ಹಂತದಲ್ಲಿ ಹೊಡೆತಗಳ ನಡುವೆ ಹೆಚ್ಚಿನ ಏಟು ತೂರಿಸಲು ಸಾಧ್ಯವಿರುವುದು ಕಂಪೆನಿಯ ನೊರಿತಾಕಾ ಫುನಾಮಿಜು ಅವರ ಗಮನಕ್ಕೆ ಬಂತು. ಇದಕ್ಕೆ ಬೇಕಾದ ಸಮಯಪ್ರಜ್ಞೆ ಬಹಳ ಕಷ್ಟದ್ದು, ಬಳಸುವವರು ಕಡಿಮೆ ಎಂದುಕೊಂಡು ಅದನ್ನು ಅಳಿಸದೆ ಬಿಟ್ಟರು.

ಆಟಗಾರರು ಅದನ್ನು ಪತ್ತೆಹಚ್ಚಿದರು, ಒಬ್ಬರಿಗೊಬ್ಬರು ಹೇಳಿಕೊಟ್ಟರು, ಗಂಟೆಗಟ್ಟಲೆ ಅಭ್ಯಾಸ ಮಾಡಿದರು. ತಯಾರಿಸಿದವರು ಊಹಿಸದಿದ್ದ ಒಂದು ವಿದ್ಯೆ ಯಂತ್ರದ ಮುಂದೆ ನಿಂತವರಿಂದ ಬೆಳೆಯಿತು. ವಿಜ್ಞಾನದ ವಿದ್ಯಾರ್ಥಿಗಳು ಇದನ್ನು ಗಮನಿಸಬೇಕು. ಪ್ರಯೋಗದಲ್ಲಿ ಅನಿರೀಕ್ಷಿತವಾದುದು ಕಂಡಾಗ ಒಡನೆ ಅಳಿಸಿಬಿಡಬಾರದು. ಮೊದಲು ಅದೇನೆಂದು ನೋಡಬೇಕು.

ಯಂತ್ರವೇ ಎದುರಾಳಿಯಾದರೆ

ಒಬ್ಬನೇ ಇದ್ದರೂ ಈ ಆಟ ಆಡಬಹುದು. ಆಗ ಯಂತ್ರವೇ ಎದುರಾಳಿ. ಆದರೆ ಯಂತ್ರಕ್ಕೆ ನಮ್ಮ ನಿಯಮಗಳು ಪೂರ್ತಿ ಅನ್ವಯಿಸುವುದಿಲ್ಲ. ಗೈಲ್‌ನ ‘ಸೋನಿಕ್ ಬೂಮ್’ ಎಂಬ ಅಸ್ತ್ರಕ್ಕೆ ಮನುಷ್ಯನಾದವನು ಹಿಡಿಕೆಯನ್ನು ಸ್ವಲ್ಪ ಹೊತ್ತು ಹಿಂದಕ್ಕೆ ಹಿಡಿದು, ಬಳಿಕ ಮುಂದಕ್ಕೆ ತಳ್ಳಿ ಗುಂಡಿ ಒತ್ತಬೇಕು. ಯಂತ್ರ ಆಡಿಸುವ ಗೈಲ್‌ನಿಗೆ ಆ ಕಾಯುವಿಕೆ ಬೇಡ. ಮುಂದೆ ನಡೆಯುತ್ತಲೇ ಎಸೆಯುತ್ತಾನೆ! ನಾಣ್ಯದ ಯಂತ್ರದ ಸಂಪಾದನೆ ಇರುವುದು ಆಟಗಾರನ ಸೋಲಿನಲ್ಲಿ ಎಂಬುದನ್ನು ಮರೆಯಬಾರದು. ಒಬ್ಬ ಬೇಗ ಸೋತಷ್ಟೂ ಮುಂದಿನ ನಾಣ್ಯ ಬೇಗ ಬೀಳುತ್ತದೆ.

ಪಕ್ಕದಲ್ಲಿ ಇನ್ನೊಬ್ಬ ಬಂದು ನಾಣ್ಯ ಹಾಕಿದೊಡನೆ ಪರಿಸ್ಥಿತಿ ಬದಲಾಗುತ್ತದೆ. ಈಗ ಇಬ್ಬರಿಗೂ ಒಂದೇ ನಿಯಮ. ಮೂರರಲ್ಲಿ ಎರಡು ಸುತ್ತು ಗೆದ್ದವನು ಉಳಿಯುತ್ತಾನೆ, ಸೋತವನು ಎದ್ದು ಸಾಲಿನ ಕೊನೆಗೆ ಹೋಗುತ್ತಾನೆ. ಸಾಲಿನಲ್ಲಿ ನಿಂತು ನೋಡುವುದೇ ಅವನ ಪಾಠಶಾಲೆ. ತಾನು ಯಾಕೆ ಸೋತೆ, ಮುಂದಿನವನು ಅದೇ ಏಟನ್ನು ಹೇಗೆ ತಡೆದ ಎಂಬುದನ್ನು ದುಡ್ಡಿಲ್ಲದೆ ಕಲಿಯುವ ಜಾಗ ಅದು. ಭಾರತದ ಪಟ್ಟಣಗಳಲ್ಲಿ 1990ರ ದಶಕದಲ್ಲಿ ವಿಡಿಯೊ ಗೇಮ್ ಪಾರ್ಲರುಗಳಿಗೆ ಹೋದವರಿಗೂ, ಟಿ.ವಿ.ಗೆ ಜೋಡಿಸುವ ಅಗ್ಗದ ನಕಲಿ ಯಂತ್ರಗಳಲ್ಲಿ ಅಣ್ಣತಮ್ಮಂದಿರೊಡನೆ ಆಡಿದವರಿಗೂ ಈ ಅನುಭವ ಹೊಸತಲ್ಲ. ನಿಮ್ಮ ಮಾವನೋ ಚಿಕ್ಕಪ್ಪನೋ ಆ ಕಾಲದವರಾಗಿದ್ದರೆ ಕೇಳಿ ನೋಡಿ.

ತಪ್ಪುಗಳಿಂದ ಬೆಳೆದ ಆಟ

ಮೊದಲ ಆವೃತ್ತಿಯಲ್ಲಿ ಇಬ್ಬರೂ ಒಂದೇ ಪಾತ್ರವನ್ನು ಆರಿಸುವಂತಿರಲಿಲ್ಲ. ನಿಮ್ಮ ಮೆಚ್ಚಿನ ಪಾತ್ರವನ್ನು ಎದುರಾಳಿ ಆಗಲೇ ತೆಗೆದುಕೊಂಡಿದ್ದರೆ ನಿಮಗದು ಇಲ್ಲ. 1992ರ ‘ಚಾಂಪಿಯನ್ ಎಡಿಷನ್’ ಈ ಕೊರತೆಯನ್ನು ನೀಗಿಸಿತು. ನಾಲ್ವರು ಖಳನಾಯಕರನ್ನೂ ಆಯ್ಕೆಗೆ ಕೊಟ್ಟಿತು. ಅನಧಿಕೃತವಾಗಿ ತಿದ್ದಿದ ಯಂತ್ರಗಳು ಹಬ್ಬತೊಡಗಿದಾಗ ಅದೇ ವರ್ಷದ ಕೊನೆಯಲ್ಲಿ ವೇಗ ಹೆಚ್ಚಿಸಿದ ಆವೃತ್ತಿ ಬಂತು. 1993ರಲ್ಲಿ ನಾಲ್ಕು ಹೊಸ ಪಾತ್ರಗಳು, 1994ರಲ್ಲಿ ಇನ್ನೊಂದು ಪರಿಷ್ಕರಣೆ. ಮನೆಯಲ್ಲಿ ಆಡುವ ಸೂಪರ್ ನಿಂಟೆಂಡೊ ಯಂತ್ರಕ್ಕಾಗಿ 1992ರಲ್ಲಿ ಬಂದ ಆವೃತ್ತಿಯೊಂದೇ 63 ಲಕ್ಷ ಪ್ರತಿಗಳಷ್ಟು ಮಾರಾಟವಾಯಿತು.

ನಮ್ಮನ್ನು ಅವರು ಕಂಡ ಬಗೆ

ಮೆಚ್ಚುವಾಗಲೂ ಕಣ್ಣು ತೆರೆದಿರಬೇಕು. ಎಂಟು ಪಾತ್ರಗಳಲ್ಲಿ ಭಾರತದ ಪ್ರತಿನಿಧಿ ನಾವು ಆಗಲೇ ಕಂಡ ಧಾಲ್ಸಿಮ್. ಯೋಗಬಲದಿಂದ ಕೈಕಾಲು ಚಾಚುತ್ತಾನೆ, ಬಾಯಿಂದ ಬೆಂಕಿ ಉಗುಳುತ್ತಾನೆ, ಕೊರಳಲ್ಲಿ ತಲೆಬುರುಡೆಗಳ ಮಾಲೆ, ಹಿನ್ನೆಲೆಯಲ್ಲಿ ಸಾಲಾಗಿ ಆನೆಗಳು. ಬ್ರೆಜಿಲ್‌ನ ಪಾಲಿಗೆ ಬಂದದ್ದು ಹಸಿರು ಮೈಯ, ಮೃಗದಂಥ ಬ್ಲಾಂಕಾ. ದೂರದ ದೇಶಗಳನ್ನು ಹತ್ತಿರದಿಂದ ಕಾಣದೆ, ಕೇಳಿದ ನಾಲ್ಕು ವಿಷಯಗಳಿಂದಲೇ ಚಿತ್ರಿಸಿದರೆ ಹೀಗಾಗುತ್ತದೆ. ಯಕ್ಷಗಾನದ ವೇಷ ಅದನ್ನು ನೋಡುವ ಜನರ ನಡುವೆಯೇ ಹುಟ್ಟಿದ್ದು. ಧಾಲ್ಸಿಮ್‌ನ ವೇಷ ನಮ್ಮ ನಡುವೆ ಹುಟ್ಟಿದ್ದಲ್ಲ. ಯೋಗಾಭ್ಯಾಸದಿಂದ ಕೈ ಉದ್ದವಾಗುವುದಿಲ್ಲ ಎಂದು ನಮಗೆ ಗೊತ್ತು. ಬೇರೆ ನಾಡಿನವರ ಬಗ್ಗೆ ನಮ್ಮ ತಲೆಯೊಳಗಿರುವ ಚಿತ್ರಗಳೂ ಇಂಥವೇ ಇರಬಹುದಲ್ಲವೇ?

ಇನ್ನು ಹಿಂಸೆಯ ಪ್ರಶ್ನೆ. ಅಮೆರಿಕದಲ್ಲಿ 1993ರ ಡಿಸೆಂಬರ್‌ನಲ್ಲಿ ಸೆನೆಟ್ ಸಮಿತಿ ವಿಡಿಯೊ ಆಟಗಳ ಹಿಂಸೆಯ ಬಗ್ಗೆ ವಿಚಾರಣೆ ನಡೆಸಿತು. ರಕ್ತ ಚಿಮ್ಮಿಸುವ ‘ಮಾರ್ಟಲ್ ಕಾಂಬ್ಯಾಟ್’ ಅಲ್ಲಿ ಮುಖ್ಯವಾಗಿ ಚರ್ಚೆಗೆ ಬಂತು. 1994ರಲ್ಲಿ ಆಟಗಳ ಮೇಲೆ ವಯಸ್ಸಿನ ಗುರುತು ಹಾಕುವ ಪದ್ಧತಿ ಅಲ್ಲಿ ಜಾರಿಗೆ ಬಂದದ್ದು ಇದರ ಫಲ. ಆ ಗುರುತನ್ನು ನೋಡಿ ಆಟ ಆರಿಸುವುದು ಇಂದಿಗೂ ಒಳ್ಳೆಯ ಅಭ್ಯಾಸ.

ನಲವತ್ತನಾಲ್ಕರ ವಯಸ್ಸಿನ ಚಿನ್ನ

ಹಾಂಗ್‌ಝೌ ಏಷ್ಯನ್ ಕ್ರೀಡಾಕೂಟ 2023ರಲ್ಲಿ ನಡೆಯಿತು. ಈ ಆಟದ ವಂಶದ ಕುಡಿಯಾದ ‘ಸ್ಟ್ರೀಟ್ ಫೈಟರ್ 5’ ಅಲ್ಲಿ ಪದಕದ ಸ್ಪರ್ಧೆಯಾಗಿತ್ತು. ಭಾರತದ ಆಟಗಾರರೂ ಭಾಗವಹಿಸಿದ್ದರು. ಚಿನ್ನ ಗೆದ್ದವರು ದಕ್ಷಿಣ ಕೊರಿಯಾದ ಕಿಮ್ ಗ್ವಾನ್-ವೂ. ಆಗ ಅವರ ವಯಸ್ಸು 44. ಎಳೆಯ ಬೆರಳುಗಳ ವೇಗವೇ ಎಲ್ಲವೂ ಆಗಿದ್ದರೆ ಇದು ಸಾಧ್ಯವಿರಲಿಲ್ಲ. ಎದುರಾಳಿಯನ್ನು ಓದುವ ವಿದ್ಯೆ ವರ್ಷಗಳೊಡನೆ ಬೆಳೆಯುತ್ತದೆ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನ ಬೇಡ.

ಆದರೆ ಒಂದು ಪದಕದ ಹಿಂದೆ ಪದಕವಿಲ್ಲದ ಸಾವಿರಾರು ಮಂದಿ ಇರುತ್ತಾರೆ. ಆಟವನ್ನೇ ಜೀವನೋಪಾಯ ಮಾಡಿಕೊಳ್ಳುವೆನೆಂದು ಓದು ಬಿಡುವುದು ವಿವೇಕವಲ್ಲ. ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಮ್ಮ ಸಂಸತ್ತು 2025ರ ಕಾನೂನಿನಲ್ಲಿ ನಿಷೇಧಿಸಿ, ಇ-ಕ್ರೀಡೆಯನ್ನು ಅದರಿಂದ ಬೇರೆಯಾಗಿ ಗುರುತಿಸಿದೆ. ಈ ವ್ಯತ್ಯಾಸವನ್ನು ನೀವೂ ಗುರುತಿಸಿ. ಹಳೆಯ ಆಟವನ್ನೇ ಆಡಿ ನೋಡಬೇಕೆಂದಿದ್ದರೆ 2018ರಲ್ಲಿ ಕ್ಯಾಪ್‌ಕಾಮ್ ಹೊರತಂದ ಮೂವತ್ತನೆಯ ವರ್ಷದ ಸಂಗ್ರಹದಲ್ಲಿ ಅದು ಅಧಿಕೃತವಾಗಿ ಸೇರಿದೆ.

ಮಾಡಿ ನೋಡಿ

ಈ ಆಟದ ಮರ್ಮ ತಿಳಿಯಲು ಯಂತ್ರವೂ ಬೇಡ, ಫೋನೂ ಬೇಡ. ಬಸ್ಸಿಗೆ ಕಾಯುವಾಗ ಗೆಳೆಯನೊಡನೆ ‘ಕಲ್ಲು-ಕಾಗದ-ಕತ್ತರಿ’ ಆಡಿ. ಒಂದು ನಿಯಮ ಮಾತ್ರ ಬದಲಿಸಿ. ಕಲ್ಲಿನಿಂದ ಗೆದ್ದರೆ 3 ಅಂಕ, ಕಾಗದದಿಂದಲೋ ಕತ್ತರಿಯಿಂದಲೋ ಗೆದ್ದರೆ 1 ಅಂಕ. ಗೆದ್ದವನಿಗೆ ಬಂದಷ್ಟೇ ಅಂಕ ಸೋತವನಿಗೆ ಕಳೆಯಲಿ. ಐವತ್ತು ಬಾರಿ ಆಡಿ, ಯಾರು ಏನು ತೋರಿಸಿದರೆಂದು ಬರೆದಿಡಿ.

ಕಲ್ಲಿಗೆ ಹೆಚ್ಚು ಅಂಕ ಇರುವುದರಿಂದ ಕಲ್ಲನ್ನೇ ಹೆಚ್ಚು ತೋರಿಸಬೇಕು ಎಂದು ಮೊದಲಿಗೆ ಅನಿಸುತ್ತದೆ. ಲೆಕ್ಕ ಹೇಳುವುದು ಬೇರೆ. ಯಾರಿಗೂ ಸಿಕ್ಕಿಬೀಳದಂತೆ ಆಡಬೇಕಾದರೆ ಐದರಲ್ಲಿ ಮೂರು ಸಲ ಕಾಗದ, ಒಂದು ಸಲ ಕಲ್ಲು, ಒಂದು ಸಲ ಕತ್ತರಿ, ಅದೂ ಯಾವುದೇ ಕ್ರಮವಿಲ್ಲದೆ, ತೋರಿಸಬೇಕು. ಕಾರಣವಿಷ್ಟೆ: ಕಲ್ಲಿಗೆ ಸೋತರೆ ನಷ್ಟ ದೊಡ್ಡದು. ಆದ್ದರಿಂದ ಕತ್ತರಿ ತೋರಿಸಲು ಎಲ್ಲರಿಗೂ ಅಂಜಿಕೆ. ಕತ್ತರಿ ಕಡಿಮೆಯಾದಾಗ ಕಾಗದ ಸುರಕ್ಷಿತ. ಐದರಲ್ಲಿ ಮೂರು ಸಲ ಕಾಗದ ತೋರಿಸುವವನ ಎದುರು ಕಲ್ಲು ತೋರಿಸಿದರೆ ಸರಾಸರಿ ಲಾಭ ಎಷ್ಟು ಎಂದು ನೀವೇ ಲೆಕ್ಕ ಹಾಕಿ. ಉತ್ತರ ಸೊನ್ನೆ ಬಂದರೆ ನಿಮ್ಮ ಲೆಕ್ಕ ಸರಿ.

ದೊಡ್ಡ ಹೊಡೆತ ನಿಮ್ಮ ಕೈಯಲ್ಲಿದೆ ಎಂಬುದು ಎದುರಾಳಿಗೆ ಗೊತ್ತಿದ್ದರೆ ಸಾಕು, ಅದನ್ನು ಪದೇ ಪದೇ ಬಳಸಬೇಕಾಗಿಲ್ಲ. ರ್ಯೂನ ಬೆಳಕಿನ ಉಂಡೆ ಕಲಿಸಿದ್ದೂ ಇದನ್ನೇ. ಪಟ್ಟಿಯನ್ನು ಮುಂದಿಟ್ಟುಕೊಂಡು ಗೆಳೆಯನೊಡನೆ ಮಾತಾಡಿ: ಸೋತ ಮೇಲೆ ಅವನು ಏನು ಬದಲಿಸಿದ, ಗೆದ್ದ ಮೇಲೆ ನೀವು ಏನನ್ನು ಮತ್ತೆ ಮತ್ತೆ ತೋರಿಸಿದಿರಿ? ಅಷ್ಟರಲ್ಲಿ ಬಸ್ಸು ಬಂದರೂ ಚಿಂತೆಯಿಲ್ಲ, ನಾಳೆ ಅದೇ ಗೆಳೆಯ ಅದೇ ನಿಲ್ದಾಣದಲ್ಲಿ ಸಿಗುತ್ತಾನೆ. ಆಟ ಮುಂದುವರಿಯಲಿ.